ಎರಡು ಕಿಲೋ ಕಬ್ಬಿಣ, ಕಾಲು ಕಿಲೋ ಬೆಂಡೆಕಾಯಿ

— ಇದೆಂತದು ಮಾರಾಯ್ತಿ, ಬೀಡಿನ ಬಾಣಲೆ! ಈ ಫ್ಲಾಟಿನ ಅಡುಗೆಮನೆಯಲ್ಲಿ ಇದನ್ನ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ. ಆದ್ರೆ ಇಷ್ಟು ಚಿಕ್ಕದು ಯಾಕೆ? ಎತ್ತಿದ್ರೆ ಎರಡು ಕಿಲೋ ಭಾರ, ಒಳಗೆ ಹಿಡಿಯೋದು ಒಂದು ಹಿಡಿ ಪಲ್ಯ.

— ಇಬ್ಬರಿಗೆ ಸಾಕಾಗುತ್ತೆ ಮಾವ. ಬಾಯಿ 22 ಸೆಂಟಿಮೀಟರ್, ಆಳ 7. ದಿನಾ ಮನೇಲಿರೋದು ನಾವಿಬ್ಬರೇ ಅಲ್ವಾ.

— ಇವತ್ತು ನಾಲ್ಕು ಜನ ಇದೀವಿ. ನಿಮ್ಮತ್ತೆ ನಿದ್ದೆಯಿಂದ ಎದ್ದ ಕೂಡಲೇ ಊಟ ಅಂತಾಳೆ. ಅಗೋ, ಮೇಲಿದೆಯಲ್ಲ ಅಲ್ಯೂಮಿನಿಯಂ ಬಾಣಲೆ, ಅದನ್ನ ಇಳಿಸು. ಅರ್ಧ ಕಿಲೋ ಬೆಂಡೆಕಾಯಿ ಒಂದೇ ಸಲಕ್ಕೆ ಮುಗಿಯುತ್ತೆ.

— ಮುಗಿಯುತ್ತೆ. ಆದ್ರೆ ಅದು ಹುರಿಯೋದಿಲ್ಲ, ಬೇಯುತ್ತೆ. ಲೋಳೆ ಬಿಟ್ಕೊಂಡು ಒಂದಕ್ಕೊಂದು ಅಂಟಿ ಕೂರುತ್ತೆ. ಆಮೇಲೆ ಅತ್ತೇನೇ ‘ಇದೇನು ಬೆಂಡೆಕಾಯಿ ಗೊಜ್ಜಾ’ ಅಂತ ಕೇಳ್ತಾರೆ. ಈ ಬಾಣಲೇಲಿ ಹಾಗಾಗಲ್ಲ. ಕಬ್ಬಿಣ ಶಾಖ ಹಿಡ್ಕೊಳ್ಳುತ್ತೆ.

— ಎಲ್ರೂ ಹೇಳೋದು ಇದನ್ನೇ. ಫೌಂಡ್ರಿಯಲ್ಲಿ ತಲೆ ನರೆಸಿಕೊಂಡವನು ನಾನು, ನನ್ನ ಹತ್ರ ಕೇಳು. ಒಂದು ಗ್ರಾಂ ಕಬ್ಬಿಣವನ್ನ ಒಂದು ಡಿಗ್ರಿ ಬಿಸಿ ಮಾಡೋಕೆ 0.45 ಜೂಲ್ ಶಾಖ ಸಾಕು. ಅಲ್ಯೂಮಿನಿಯಂಗೆ 0.9 ಬೇಕು. ತೂಕಕ್ಕೆ ತೂಕ ನೋಡಿದ್ರೆ ಅಲ್ಯೂಮಿನಿಯಮ್ಮೇ ಎರಡರಷ್ಟು ಶಾಖ ಹಿಡ್ಕೊಳ್ಳೋದು.

— ತೂಕಕ್ಕೆ ತೂಕ ಅಂದ್ರಲ್ಲ. ಮೇಲಿರೋ ಬಾಣಲೆ ತೂಗಿ ನೋಡಿ, ಅರ್ಧ ಕಿಲೋ ಇದ್ರೆ ಹೆಚ್ಚು. ಇದು ಎರಡು ಕಿಲೋ. ಈಗ ಹಾಕಿ ನಿಮ್ಮ ಲೆಕ್ಕ.

— ಹಾಕ್ತೀನಿ, ಪೆನ್ನು ಕೊಡು. ಎರಡೂ ಬಾಣಲೆ 200 ಡಿಗ್ರಿಗೆ ಕಾದಿವೆ ಅಂತ ಇಟ್ಕೋ. ಬೆಂಡೆಕಾಯಿ 25 ಡಿಗ್ರಿಯಲ್ಲಿದೆ. ಹತ್ತರಲ್ಲಿ ಒಂಬತ್ತು ಪಾಲು ನೀರೇ ಇರೋದರಿಂದ ಅದು ಶಾಖ ಕುಡಿಯೋದೂ ಹೆಚ್ಚುಕಮ್ಮಿ ನೀರಿನಷ್ಟೇ. ಒಲೆ ಆಮೇಲೆ ಕೊಡೋ ಶಾಖ ಬಿಟ್ಬಿಡೋಣ, ಬರೀ ಬಾಣಲೆ ಮತ್ತು ಕಾಯಿ. ಕಾಲು ಕಿಲೋ ಕಾಯಿ ಸುರಿದ್ರೆ ಅಲ್ಯೂಮಿನಿಯಂ... 80 ಡಿಗ್ರಿಗೆ ಇಳಿಯುತ್ತೆ. ನಿನ್ನ ಬೀಡು... ತಾಳು. 109.

— ನೂರರ ಮೇಲೆ.

— ಹ್ಞಾಂ, ನೂರರ ಮೇಲೆ.

— ಅಲ್ಲೇ ಇರೋದು ಮಾವ ವ್ಯತ್ಯಾಸ. ಕತ್ತರಿಸಿದ ಜಾಗದಿಂದ ನೀರು ಹೊರಬಂದ ಕೂಡಲೇ ಚುಂಯ್ ಅಂತ ಆವಿಯಾಗಿ ಹೋಗುತ್ತೆ. 80 ಡಿಗ್ರೀಲಿ ಅದು ಹೋಗಲ್ಲ, ತಳದಲ್ಲೇ ನಿಲ್ಲುತ್ತೆ. ನಿಂತ ನೀರಲ್ಲಿ ಕಾಯಿ ಬೇಯ್ತಾ ಬೇಯ್ತಾ ಲೋಳೆ ಬಿಡುತ್ತೆ.

— ಸರಿ. ಆದ್ರೆ ಲೆಕ್ಕ ಇನ್ನೂ ಮುಗಿದಿಲ್ಲ. ಇದೇ ಬೀಡಿನ ಬಾಣಲೆಗೆ ಅರ್ಧ ಕಿಲೋ ಸುರಿದ್ರೆ ಎಷ್ಟಾಗುತ್ತೆ ಗೊತ್ತಾ? ಅದೂ 80! ಅಲ್ಯೂಮಿನಿಯಂಗೆ ಕಾಲು ಕಿಲೋ ಹಾಕಿದ ಹಾಗೇ. ನಾಲ್ಕು ಜನಕ್ಕೆ ಒಟ್ಟಿಗೆ ಮಾಡೋಕೆ ಹೋದ್ರೆ ನಿನ್ನ ಕಬ್ಬಿಣದ ಹೆಚ್ಚುಗಾರಿಕೆ ಅಷ್ಟೂ ಹೋಯ್ತು.

— ಅದಕ್ಕೇ ಒಟ್ಟಿಗೆ ಮಾಡಲ್ಲ. ಎರಡು ಸಲ ಮಾಡ್ತೀನಿ. ಕಾಯಿ ತೊಳೆದು, ಒರೆಸಿ, ಬಟ್ಟೆ ಮೇಲೆ ಹರವಿದೀನಿ ನೋಡಿ, ಎರಡು ಪಾಲು ಬೇರೆ ಬೇರೆ.

— ಗ್ಯಾಸಿನ ರೇಟು ಗೊತ್ತಿದೆಯಾ ನಿಂಗೆ?

— ಗೊತ್ತು. ಈ ಬಾಣಲೆಯನ್ನ 200 ಡಿಗ್ರಿಗೆ ಏರಿಸೋಕೆ ಎಷ್ಟು ಗ್ಯಾಸ್ ಬೇಕು, ಅದನ್ನೂ ನೀವೇ ಹೇಳಿ.

— ಎರಡು ಕಿಲೋ, 175 ಡಿಗ್ರಿ ಏರಿಕೆ... ಸುಮಾರು 157 ಕಿಲೋಜೂಲ್. ಒಂದು ಗ್ರಾಂ ಗ್ಯಾಸು 46 ಕಿಲೋಜೂಲ್ ಕೊಡುತ್ತೆ, ಅದರಲ್ಲಿ ಪಾತ್ರೆಗೆ ಮುಟ್ಟೋದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆರು ಗ್ರಾಂ ಅನ್ನು.

— ಸಿಲಿಂಡರಲ್ಲಿ ಇರೋದು 14.2 ಕಿಲೋ. ಆರು ಗ್ರಾಮಿಗೆ ಜಗಳ ಬೇಡ.

— ಜಗಳ ಎಲ್ಲಿ ಆಡ್ದೆ! ಆದ್ರೆ ಚಿಕ್ಕ ಬರ್ನರ್ ಮೇಲೆ ಇಟ್ಟಿದೀಯಲ್ಲ, ಅದು ಯಾಕೆ? ದೊಡ್ಡದರ ಮೇಲಿಟ್ರೆ ಬೇಗ ಕಾಯ್ತಿತ್ತು.

— ನೀವೇ ಹೇಳಬೇಕು ಅದನ್ನ. ನಂಗೆ ಅನುಭವದಿಂದ ಗೊತ್ತು, ಕಾರಣ ಗೊತ್ತಿಲ್ಲ. ದೊಡ್ಡ ಉರಿ ಇಟ್ರೆ ತಳದ ನಡುವೆ ಸಾಸಿವೆ ಕರಕಾಗ್ತಾ ಇರುತ್ತೆ, ಎರಡು ಬೆರಳು ಆಚೆಗೆ ಸರಿಸಿದ್ರೆ ಸಿಡಿಯೋದೇ ಇಲ್ಲ.

— ಕಾರಣ ಇದೆ. ಬೀಡು ಶಾಖವನ್ನ ಹಂಚೋದರಲ್ಲಿ ಮಹಾ ಸೋಮಾರಿ. ಅಲ್ಯೂಮಿನಿಯಂಗೆ ಹೋಲಿಸಿದ್ರೆ ನಾಲ್ಕರಲ್ಲಿ ಒಂದು ಪಾಲೂ ಇಲ್ಲ ಅದರ ವೇಗ. ಉರಿ ಎಲ್ಲಿ ಮುಟ್ಟುತ್ತೋ ಅಲ್ಲಿ ಕಾಯುತ್ತೆ, ಪಕ್ಕಕ್ಕೆ ಹೋಗೋಕೆ ಹೊತ್ತು ತಗೊಳ್ಳುತ್ತೆ. ಸಣ್ಣ ಉರೀಲಿ ನಾಲ್ಕೈದು ನಿಮಿಷ ಬಿಟ್ರೆ ಆ ಹೊತ್ತು ಅದಕ್ಕೆ ಸಿಗುತ್ತೆ. ಈಗ ಅರ್ಥ ಆಯ್ತು ನೋಡು. ನಿಮ್ಮಜ್ಜಿ ಮನೇಲಿ ಇಷ್ಟಗಲದ ಬಾಣಲೆ ಇತ್ತಲ್ಲ, ಅದಕ್ಕೆ ಕಟ್ಟಿಗೆ ಒಲೆ. ಒಲೆಯ ಬಾಯಿ ತುಂಬ ಉರಿ, ಬಾಣಲೆಯ ಹೊಟ್ಟೆ ಅಷ್ಟೂ ಬೆಂಕಿಯೊಳಗೇ ಕೂತಿರ್ತಿತ್ತು. ಆ ಬಾಣಲೇನ ತಂದು ಈ ಗ್ಯಾಸ್ ಒಲೆ ಮೇಲಿಟ್ರೆ ನಡುವೆ ಒಂದು ಬಿಲ್ಲೆಯಗಲ ಕಾಯುತ್ತೆ, ಅಂಚು ತಣ್ಣಗೇ.

— ಅಂದ್ರೆ ಚಿಕ್ಕದೇ ಸರಿ ಅಂತ ಒಪ್ಕೊಂಡ್ರಿ.

— ಈ ಒಲೆಗೆ ಚಿಕ್ಕದು ಸರಿ ಅಂದೆ. ಅಷ್ಟಕ್ಕೇ ಹಿಗ್ಗಬೇಡ.

— ಗೋಬಿ ಮಂಚೂರಿ ಗಾಡಿಯವರನ್ನ ನೋಡಿದೀರಲ್ಲ. ಅವರದ್ದು ತೆಳು ತಗಡಿನ ಬಾಣಲೆ, ಒಂದೇ ಕೈಯಲ್ಲಿ ಎತ್ತಿ ಎಗರಿಸ್ತಾರೆ. ಅದು ಹೇಗೆ ನಡೆಯುತ್ತೆ ಮತ್ತೆ? ಅದರಲ್ಲಿ ತೂಕಾನೇ ಇಲ್ಲ.

— ಅವನ ಬೆಂಕಿ ನೋಡು, ಬಾಣಲೆ ನೋಡಬೇಡ. ಭರ್ರ್ ಅಂತ ಸದ್ದು ಮಾಡೋ ಬರ್ನರ್ ಅದು. ಚೀನೀ ಅಡುಗೆಯ ಹೋಟೆಲುಗಳಲ್ಲಿ ಇಡೋ ಒಲೆಗಳು ನಮ್ಮ ಮನೆ ಒಲೆಯ ಹತ್ತು ಪಟ್ಟು ಶಾಖ ಕೊಡ್ತವೆ. ಕಾಯಿ ಎಷ್ಟು ಶಾಖ ಕುಡಿದ್ರೂ ಕೆಳಗಿಂದ ಕೂಡಲೇ ತುಂಬ್ತಾ ಇರುತ್ತೆ. ಅವನಿಗೆ ಬಾಣಲೆಯಲ್ಲಿ ಶಾಖ ಕೂಡಿಡೋ ಅಗತ್ಯ ಇಲ್ಲ. ನಿಂಗೆ ಆ ಬೆಂಕಿ ಇಲ್ಲ. ಅದಕ್ಕೇ ನೀನು ಐದು ನಿಮಿಷ ಮೊದಲೇ ಕಬ್ಬಿಣದಲ್ಲಿ ಶಾಖ ತುಂಬಿಟ್ಟು, ಕಾಯಿ ಹಾಕಿದ ಮೇಲೆ ಖರ್ಚು ಮಾಡ್ತೀಯ. ತುಂಬಿಟ್ಟಷ್ಟೇ ಖರ್ಚು. ಕಾಲು ಕಿಲೋಗೆ ಸಾಲುತ್ತೆ, ಅರ್ಧ ಕಿಲೋಗೆ ಸಾಲಲ್ಲ.

— ಮಾವ, ಸ್ವಲ್ಪ ಈಚೆ ಬನ್ನಿ, ಎಣ್ಣೆ ಹಾಕ್ತೀನಿ. ಈಗ ಮಾತು ನಿಲ್ಲಿಸಬೇಕು. ಸಾಸಿವೆ... ಉದ್ದಿನಬೇಳೆ... ಒಣಮೆಣಸು, ಕರಿಬೇವು. ಈಗ ಕಾಯಿ. ಸದ್ದು ಕೇಳಿದ್ರಾ?

— ಕೇಳಿಸ್ತು. ಇಷ್ಟು ಅವಸರ ಯಾಕೆ, ಬೇಳೆ ಇನ್ನೂ ಕೆಂಪಗಾಗಿರ್ಲಿಲ್ಲ.

— ಈ ಬಾಣಲೇಲಿ ಬೇಳೆ ಕೆಂಪಗಾಗೋ ತನಕ ಕಾದ್ರೆ ಕರಕಲಾಗೋದೇ. ತೆಳು ಪಾತ್ರೆಯಾದ್ರೆ ಉರಿ ಆರಿಸಿದ ಕೂಡಲೇ ತಣಿಯುತ್ತೆ. ಇದಕ್ಕೆ ನಾವು ಆರಿಸಿದ್ದೇ ಗೊತ್ತಾಗಲ್ಲ. ಒಗ್ಗರಣೆಗೆ ಬೀಳಬೇಕಾದ್ದು ಕೈಗೆಟಕೋ ಹಾಗೆ ಇಟ್ಕೊಂಡೇ ಶುರು ಮಾಡಬೇಕು. ಸಾರಿನ ಪುಡಿಗೆ ಮೆಂತ್ಯ ಹುರಿಯುವಾಗಂತೂ ಘಮ ಬಂತು ಅನ್ನೋದಕ್ಕೆ ಮುಂಚೆಯೇ ತಟ್ಟೆಗೆ ಸುರಿದುಬಿಡಬೇಕು. ಬಾಣಲೇಲೇ ಆರಲಿ ಅಂತ ಬಿಟ್ರೆ ಆ ಪುಡಿ ಕಹಿ, ತಿಂಗಳುಗಟ್ಟಲೆ ಕಹಿ ಸಾರೇ ಉಣ್ಣಬೇಕು. ಧನಿಯಾ ಪರವಾಗಿಲ್ಲ, ಸ್ವಲ್ಪ ತಡ್ಕೊಳ್ಳುತ್ತೆ.

— ತಿರುಗಿಸಲ್ವಾ? ತಳ ಹಿಡಿಯುತ್ತೆ.

— ಹಿಡಿಯಲ್ಲ. ಈಗಲೇ ಸೌಟು ಹಾಕಿದ್ರೆ ಹಿಡಿಯೋದು. ಕತ್ತರಿಸಿದ ಮೈ ಒಣಗಿ ಕಂದು ಬಣ್ಣಕ್ಕೆ ಬಂದಾಗ ತಾನೇ ಬಿಡುತ್ತೆ. ಮುಚ್ಚಳ ಹಾಕಬಾರದು, ಉಪ್ಪು ಕೊನೆಗೆ. ಉಪ್ಪು ಮೊದಲೇ ಬಿದ್ರೆ ನೀರು ಬಿಡುತ್ತೆ, ಆಮೇಲೆ ನಿಮ್ಮ 109 ಡಿಗ್ರಿ ಏನೂ ಮಾಡೋಕಾಗಲ್ಲ.

— ಇದರ ಒಳಮೈ ನೋಡಿದ್ರೆ ಚೆನ್ನಾಗಿ ಪಳಗಿದೆ. ಕೊಂಡಾಗಲೇ ಹೀಗಿತ್ತಾ?

— ಎಲ್ಲಿ! ಬೂದು ಬಣ್ಣ, ಕೈಯಾಡಿಸಿದ್ರೆ ಮರಳು ಕಾಗದ. ಮೇಲೆ ಅದೇನೋ ಕಪ್ಪು ಜಿಡ್ಡು ಬೇರೆ.

— ಆ ಜಿಡ್ಡು ತುಕ್ಕು ಹಿಡೀದೇ ಇರ್ಲಿ ಅಂತ ಫೌಂಡ್ರಿಯಲ್ಲಿ ಬಳಿದಿರ್ತಾರೆ, ತಿನ್ನೋದಲ್ಲ. ಬಿಸಿನೀರು ಸೋಪು ಹಾಕಿ ಪೂರ್ತಿ ತೆಗೀಬೇಕು. ಮರಳು ಕಾಗದ ಅಂದೆಯಲ್ಲ, ಸರಿಯಾಗೇ ಹೇಳ್ದೆ. ಅದು ಮರಳಿನ ಗುರುತೇ. ಒದ್ದೆ ಮರಳಿಗೆ ಜೇಡಿ ಬೆರೆಸಿ, ಪೆಟ್ಟಿಗೇಲಿ ತುಂಬಿ, ಬಡಿದು, ಮರದ್ದೋ ಲೋಹದ್ದೋ ಪ್ಯಾಟರ್ನ್ ಒತ್ತಿ ಅಚ್ಚು ಮಾಡ್ತೀವಿ. ಕುಪೋಲಾ ಅನ್ನೋ ಕುಲುಮೆಯಲ್ಲಿ ಕೋಕು, ಸುಣ್ಣದಕಲ್ಲು, ಬೀಡಿನ ಗಟ್ಟಿ, ಸ್ಕ್ರಾಪು ಎಲ್ಲಾ ಮೇಲಿಂದ ಹಾಕಿದ್ರೆ ಕೆಳಗೆ ಕರಗಿದ ಬೀಡು ಬರುತ್ತೆ. ಶುದ್ಧ ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು. ನೂರಕ್ಕೆ ಮೂರು ನಾಲ್ಕು ಪಾಲು ಇಂಗಾಲ ಸೇರಿಬಿಟ್ರೆ 1200ರ ಆಸುಪಾಸಿಗೇ ಕರಗಿ ನೀರಾಗುತ್ತೆ. ಎರಕ ಹೊಯ್ಯೋಕೆ ಅದೇ ಅನುಕೂಲ. ಬಿದ್ರೆ ಒಡೆಯೋದಕ್ಕೂ ಕಾರಣ ಅದೇ ಇಂಗಾಲ. ಒಡೆದ ಬೀಡಿನ ಮುಖ ನೋಡಿದೀಯಾ? ಬೂದಿ ಬಣ್ಣ. ಪೆನ್ಸಿಲ್ಲಿನ ಒಳಗಿರುತ್ತಲ್ಲ, ಆ ಗ್ರಾಫೈಟು ಪದರ ಪದರವಾಗಿ ಕೂತಿರುತ್ತೆ, ಬಿರುಕು ಅದರುದ್ದಕ್ಕೂ ಓಡುತ್ತೆ.

— ಚಿಕ್ಕ ಬಾಣಲೆ ಎರಕ ಹೊಯ್ಯೋದು ಸುಲಭ ಅಲ್ವಾ?

— ತಪ್ಪು ತಿಳಿದಿದೀಯ. ಮೋರಿ ಮುಚ್ಚಳ ಸುಲಭ, ಬಾಣಲೆ ಕಷ್ಟ. ಅಂಚು ತೆಳ್ಳಗಿರುತ್ತಲ್ಲ, ಅಲ್ಲಿಗೆ ಮುಟ್ಟೋ ಹೊತ್ತಿಗೆ ಬೀಡು ತಣಿದು ನಿಂತುಬಿಡುತ್ತೆ. ನಿಲ್ಲದೇ ಹೋದ್ರೂ ತುಂಬಾ ಬೇಗ ತಣಿದ್ರೆ ಗ್ರಾಫೈಟ್ ಬೇರೆಯಾಗೋಕೆ ಹೊತ್ತೇ ಸಿಗಲ್ಲ, ಅಂಚು ಬಿಳಿ ಬೀಡಾಗುತ್ತೆ. ಅದಕ್ಕೆ ಅರ ಹಾಕಿದ್ರೂ ಹತ್ತಲ್ಲ, ಸಿಂಕಿನ ಮೂಲೆಗೆ ತಾಗಿದ್ರೆ ಚಕ್ಕೆ ಏಳುತ್ತೆ. ತಡಿ, ಒಂದು ಮಾತು ಹೇಳಿಬಿಡ್ತೀನಿ. ಇಂಗ್ಲೆಂಡಲ್ಲಿ ಅಬ್ರಹಾಂ ಡಾರ್ಬಿ ಅಂತ ಒಬ್ಬ. 1707ರಲ್ಲಿ ಅವನು ಪೇಟೆಂಟ್ ತಗೊಂಡಿದ್ದು ಯಾವುದಕ್ಕೆ ಗೊತ್ತಾ? ಮರಳಿನ ಅಚ್ಚಲ್ಲಿ ಹೊಟ್ಟೆಯಿರೋ ಕಬ್ಬಿಣದ ಅಡುಗೆ ಪಾತ್ರೆ ಎರೆಯೋದಕ್ಕೆ. ಎರಡು ವರ್ಷ ಕಳೆದು, 1709ರಲ್ಲಿ, ಕೋಲ್‌ಬ್ರೂಕ್‌ಡೇಲ್ ಅನ್ನೋ ಊರಲ್ಲಿ ಇದ್ದಿಲಿನ ಬದಲು ಕೋಕ್ ಹಾಕಿ ಕಬ್ಬಿಣ ಕರಗಿಸ್ದ. ಕೈಗಾರಿಕಾ ಕ್ರಾಂತಿ ಅಂತ ಪುಸ್ತಕದಲ್ಲಿ ಓದ್ತೀರಲ್ಲ, ಅದರ ಬುಡದಲ್ಲಿ ಕೂತಿದ್ದೋನು ಒಬ್ಬ ಪಾತ್ರೆ ಮಾಡೋನು.

— ನಮ್ಮ ಭದ್ರಾವತಿಯಲ್ಲೂ ಕೋಕೇನಾ?

— ಇಲ್ಲ, ಅಲ್ಲಿ ಶುರುವಾಗಿದ್ದು ಇದ್ದಿಲಿಂದ. 1923ರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಕುಲುಮೆ ಹೊತ್ತಿಸಿದಾಗ ಸುತ್ತ ಮಲೆನಾಡಿನ ಕಾಡಿತ್ತು, ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಹತ್ತಿರದಲ್ಲೆಲ್ಲೂ ಕಲ್ಲಿದ್ದಲಿರ್ಲಿಲ್ಲ. ವಿಶ್ವೇಶ್ವರಯ್ಯನವರು ಆ ಕಾರ್ಖಾನೆಯನ್ನ ಕಾಲ ಮೇಲೆ ನಿಲ್ಲಿಸೋಕೆ ಪಟ್ಟ ಪಾಡು ಬೇರೆ ಕತೆ. ಈಗ ಶಿವಮೊಗ್ಗ, ಬೆಳಗಾವಿ ಎರಡೂ ಕಡೆ ಫೌಂಡ್ರಿಗಳು ಬೇಕಾದಷ್ಟಿವೆ. ಪಂಪು, ಮೋಟಾರು, ಲಾರಿಯ ಭಾಗ. ಬಾಣಲೆ ಎರೆಯೋರು ಎಷ್ಟು ಜನರೋ! ಇರ್ಲಿ, ನೀನು ಹೇಗೆ ಪಳಗಿಸಿದೆ ಅದನ್ನ ಹೇಳು.

— ಅಮ್ಮ ಹೇಳಿಕೊಟ್ಟ ಹಾಗೆ. ತೊಳೆದ ಮೇಲೆ ಹುಳಿ ಬಂದ ಗಂಜಿತಿಳಿ ತುಂಬಿ ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ತಿಳಿ ಕೆಂಚಗಾಗಿತ್ತು.

— ತುಕ್ಕು ಕರಗಿದೆ. ಹುಳಿ ಅಂದ್ರೆ ಆಸಿಡ್ಡೇ ಅಲ್ವಾ, ಮೆತ್ತಗಿನ ಆಸಿಡ್. ಫೌಂಡ್ರಿಯಲ್ಲಿ ನಾವು ಬ್ರಷ್ಷು ಹಿಡಿದು ಉಜ್ಜಿ ಮಾಡೋ ಕೆಲಸವನ್ನ ನಿಮ್ಮಮ್ಮ ಗಂಜಿ ಕೈಲಿ ಮಾಡಿಸಿದಾಳೆ. ಆಮೇಲೆ?

— ಆಮೇಲೆ ಎಣ್ಣೆ ಸವರಿ ಒಲೆ ಮೇಲೆ ಹೊಗೆ ಬರೋ ತನಕ ಕಾಯಿಸಿ, ಆರಿಸಿ, ಮತ್ತೆ ಸವರಿ ಕಾಯಿಸೋದು. ಸವರೋದು ಅಂದ್ರೆ ಎಣ್ಣೆ ಹಚ್ಚಿ ಪೂರ್ತಿ ಒರೆಸಿಬಿಡಬೇಕು, ಏನೂ ಉಳಿದಿಲ್ಲ ಅನ್ನಿಸೋಷ್ಟು. ದಪ್ಪ ಬಿಟ್ರೆ ಅಂಟಂಟು. ತೆಂಗಿನೆಣ್ಣೇಲಿ ಮಾತ್ರ ಎಷ್ಟು ಕಾಯಿಸಿದ್ರೂ ಗಟ್ಟಿ ಹೊಳಪು ಬರಲ್ಲ ಮಾವ. ಸೂರ್ಯಕಾಂತಿ ಎಣ್ಣೇಲಿ ಬರುತ್ತೆ.

— ಬರಬೇಕಾದ್ದೇ. ಅಲ್ಲಿ ನಡೆಯೋದು ಎಣ್ಣೆ ಬಣ್ಣ ಒಣಗೋ ಕೆಲಸವೇ. ಬಿಸಿಗೆ, ಗಾಳಿಗೆ ಎಣ್ಣೆಯ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರ ಆಗುತ್ತೆ. ಎಲ್ಲಾ ಎಣ್ಣೆಗೂ ಆ ಗುಣ ಒಂದೇ ಸಮ ಇರಲ್ಲ. ತೆಂಗಿನೆಣ್ಣೆಗೆ ತುಂಬಾ ಕಡಿಮೆ, ಅದನ್ನ ಗೋಡೆಗೆ ಬಳಿದ್ರೆ ವರ್ಷ ಕಳೆದ್ರೂ ಜಿಡ್ಡಾಗೇ ಇರುತ್ತೆ. ಅಗಸೆ ಎಣ್ಣೆಗೆ ಹೆಚ್ಚು, ಅದಕ್ಕೇ ಪೇಂಟಿಗೆ ಹಾಕೋದು. ವಿಜಯಪುರ, ಕಲಬುರಗಿ ಕಡೆಯವರ ಕುಸುಬೆ ಎಣ್ಣೆ, ನಮ್ಮ ರೈತರು ರಾಗಿ ಹೊಲದ ಅಂಚಿಗೆ ಬೆಳೀತಿದ್ದ ಹುಚ್ಚೆಳ್ಳಿನ ಎಣ್ಣೆ, ಎರಡೂ ಪಳಗಿಸೋಕೆ ಒಳ್ಳೇವು. ಅಗಸೆ ಮಾತ್ರ ಬೇಡ, ಗಟ್ಟಿಯಾಗೇನೋ ಕೂರುತ್ತೆ, ಆಮೇಲೆ ಹೊಪ್ಪಳೆ ಹೊಪ್ಪಳೆ ಏಳುತ್ತೆ ಅಂತಾರೆ.

— ತೊಳೆಯೋಕೆ ಸೋಪು ಹಾಕಿದ್ರೆ ಪಳಗಿದ್ದು ಹೋಗುತ್ತೆ ಅಂತ ಅತ್ತೆ ನಿನ್ನೆ ನನ್ನ ಕೈಯಿಂದ ಕಿತ್ಕೊಂಡ್ರು.

— ಈಗಿನ ಪಾತ್ರೆ ತೊಳೆಯೋ ಸೋಪಿಗೆ ಆ ಪದರ ಕರಗಲ್ಲ. ನಿಮ್ಮತ್ತೆ ಕಲಿತಿದ್ದು ಬೂದಿ ಕಾಲದಲ್ಲಿ. ಬೂದಿ ಕ್ಷಾರ, ತೆಂಗಿನ ನಾರು ಹಿಡಿದು ಬೂದಿಯಲ್ಲಿ ಉಜ್ಜಿದ್ರೆ ಹಿತ್ತಾಳೆ ಬೆಳಗುತ್ತೆ, ಕಾವಲಿ ಹಾಳಾಗುತ್ತೆ. ಹಾಗಾಗಿ ಕಾವಲಿಗೆ ಬರೀ ನೀರು, ಬಟ್ಟೆ ಅಂತ ರೂಢಿಯಾಯ್ತು. ಅವಳಿಗೆ ನಾನು ಹೇಳಿದೆ ಅನ್ನಬೇಡ. ಸೋಪಿಗಿಂತ ಕೆಟ್ಟದ್ದು ನೀರಲ್ಲಿ ನೆನೆ ಹಾಕೋದು. ಅದಕ್ಕಿಂತ ಕೆಟ್ಟದ್ದು ಸುಡೋ ಬಾಣಲೆಯನ್ನ ನಲ್ಲಿ ಕೆಳಗೆ ಹಿಡಿಯೋದು. ಬೀಡಿಗೆ ಬಗ್ಗೋಕೆ ಬರಲ್ಲ, ಟಪ್ ಅಂತ ಸೀಳುತ್ತೆ.

— ನೋಡಿ, ಈಗ ತಿರುಗಿಸ್ತೀನಿ. ಅಂಟಿದೆಯಾ?

— ಇಲ್ಲ. ಪರವಾಗಿಲ್ವೇ! ಇದಕ್ಕೆ ಒಂದು ಚೂರು ಹುಣಸೆ ರಸ ಚಿಮುಕಿಸು, ರುಚಿ ಬರುತ್ತೆ.

— ಇದರಲ್ಲಿ ಬೇಡ. ಬಟ್ಟಲಿಗೆ ತೆಗೆದ ಮೇಲೆ ನಿಂಬೆಹುಳಿ ಹಿಂಡಿಕೊಳ್ಳಿ.

— ಎರಡು ಹನಿ ಹುಣಸೆ ರಸಕ್ಕೆ ಎಂತ ಆಗುತ್ತೆ?

— ಎರಡು ಹನಿಗೆ ಏನೂ ಆಗಲ್ಲ. ಹಾಗಲಕಾಯಿ ಗೊಜ್ಜು ಕುದಿಸಿದ್ರೆ ಆಗುತ್ತೆ. ಪಳಗಿದ ಮೈ ತಿಂದುಹಾಕುತ್ತೆ, ಗೊಜ್ಜಿಗೆ ತುಕ್ಕಿನ ರುಚಿ ಬರುತ್ತೆ. ಅಜ್ಜಿ ಹುಳಿ ಪದಾರ್ಥ ಎಲ್ಲಾ ಕಲ್ಲಿನ ಮರಿಗೇಲಿ ಮಾಡ್ತಿದ್ರಂತೆ, ಒಗ್ಗರಣೆ ಮಾತ್ರ ಕಬ್ಬಿಣದ ಸೌಟಲ್ಲಿ. ನಾನೂ ಹಾಗೇ. ಹಾಗಲಕಾಯಿಯನ್ನ ಇದರಲ್ಲಿ ಕರುಕುರು ಆಗೋ ಹಾಗೆ ಹುರಿದು, ಹುಣಸೆ-ಬೆಲ್ಲ ಸ್ಟೀಲ್ ಪಾತ್ರೇಲಿ ಕುದಿಸಿ, ಕೊನೆಗೆ ಎರಡನ್ನೂ ಸೇರಿಸೋದು. ಬಾಳೆಕಾಯಿ, ಬದನೆಕಾಯಿಗೆ ಹುಳಿಯೇ ಬೇಕಾಗಿಲ್ಲ. ಬೆಂದು ಅಲ್ಲೇ ಉಳಿದ್ರೆ ಅರ್ಧ ಗಂಟೇಲಿ ಕಪ್ಪಗಾಗಿರುತ್ತೆ. ತಿಂದ್ರೆ ಏನೂ ಆಗಲ್ಲ, ತಟ್ಟೇಲಿ ನೋಡೋಕಾಗಲ್ಲ.

— ಅದು ಮಸಿ.

— ಬಾಣಲೆಯ ಮಸಿ ಅಲ್ಲ ಮಾವ, ಎಷ್ಟು ತೊಳೆದಿದ್ರೂ ಆಗುತ್ತೆ.

— ಬರೆಯೋ ಮಸಿ ಮಾರಾಯ್ತಿ! ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಮಸಿ ಕಾಯಿಸ್ತಿದ್ರು. ಅನ್ನಭೇದಿ ಅಂದ್ರೆ ಕಬ್ಬಿಣದ ಲವಣ, ಅಳಲೆಯಲ್ಲಿರೋದು ಒಗರು. ಒಗರಿಗೆ ಕಬ್ಬಿಣ ಸೇರಿದ್ರೆ ಕಪ್ಪು. ಬಾಳೆಕಾಯಲ್ಲಿ ಒಗರಿದೆ, ಬಾಣಲೇಲಿ ಕಬ್ಬಿಣ ಇದೆ. ನೀನು ಪಲ್ಯ ಮಾಡೋಕೆ ಹೋಗಿ ಶಾಯಿ ಮಾಡ್ತೀಯ.

— ಅಂದ್ರೆ ಕಬ್ಬಿಣ ಊಟಕ್ಕೆ ಇಳೀತಾ ಇದೆ ಅನ್ನೋದಂತೂ ನಿಜ ಆಯ್ತು. ನಂಗೆ ಹಿಮೋಗ್ಲೋಬಿನ್ ಕಡಿಮೆ ಅಂತ ಡಾಕ್ಟ್ರು ಹೇಳಿದಾಗ ಅಮ್ಮ ಮೊದಲು ಹೇಳಿದ್ದು ಕಬ್ಬಿಣದ ಬಾಣಲೆ ತಗೋ ಅಂತ.

— ಮಾತ್ರೆ ತಗೊಳ್ತಿದೀಯೋ ಇಲ್ವೋ?

— ತಗೊಳ್ತಿದೀನಿ ಮಾವ. ಮಾತ್ರೆ ಬದಲು ಬಾಣಲೆ ಅಂತ ನಾನಂದ್ಕೊಂಡಿಲ್ಲ. ಆದ್ರೆ ಅಮ್ಮ ಹೇಳಿದ್ದರಲ್ಲಿ ಹುರುಳಿದೆ. 1986ರಲ್ಲಿ ಅಮೆರಿಕದಲ್ಲಿ ಇಪ್ಪತ್ತು ಬಗೆ ಅಡುಗೆ ಮಾಡಿ ಅಳೆದು ನೋಡಿದಾರೆ. ಸೇಬಿನ ಗೊಜ್ಜಿನ ಥರದ್ದೊಂದರಲ್ಲಿ 100 ಗ್ರಾಮಿಗೆ 0.35 ಮಿಲಿಗ್ರಾಂ ಇದ್ದ ಕಬ್ಬಿಣಾಂಶ, ಬೀಡಿನ ಪಾತ್ರೇಲಿ ಮಾಡಿದಾಗ 7 ಮಿಲಿಗ್ರಾಂ ದಾಟಿತ್ತು. ಹುಳಿ ಹೆಚ್ಚು, ನೀರು ಹೆಚ್ಚು, ಕುದಿ ಹೆಚ್ಚು ಇದ್ದಷ್ಟೂ ಹೆಚ್ಚು ಇಳಿಯುತ್ತೆ.

— ಹಾಗಾದ್ರೆ ನಿನ್ನ ಬೆಂಡೆಕಾಯಲ್ಲಿ ಏನೂ ಇಳಿಯಲ್ಲ! ಒಣ ಹುರಿದಿದ್ದು, ಹತ್ತು ನಿಮಿಷ, ಹುಳಿ ಇಲ್ಲ. ಅದೂ ಚೆನ್ನಾಗಿ ಪಳಗಿದ ಬಾಣಲೆ. ಪಳಗಿದಷ್ಟೂ ಕಬ್ಬಿಣ ಬಿಡೋದು ಕಡಿಮೆ ಆಗುತ್ತಲ್ಲ.

— ಅದೇ ತಮಾಷೆ. ಬಾಣಲೆಗೆ ಒಳ್ಳೇದಾದ್ರೆ ರಕ್ತಕ್ಕಿಲ್ಲ, ರಕ್ತಕ್ಕೆ ಒಳ್ಳೇದಾದ್ರೆ ಬಾಣಲೆಗಿಲ್ಲ. ದಿನಾ ಬಳಸೋ ಮನೇಲಿ ಮಾತ್ರ ಒಟ್ಟು ಲೆಕ್ಕ ಬೇರೆ ಆಗಬಹುದು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಇಥಿಯೋಪಿಯಾದ್ದೊಂದು ಅಧ್ಯಯನ ಬಂದಿತ್ತು. ಕೆಲವು ಮನೆಗಳಿಗೆ ಕಬ್ಬಿಣದ ಪಾತ್ರೆ, ಕೆಲವಕ್ಕೆ ಅಲ್ಯೂಮಿನಿಯಂ ಕೊಟ್ಟು ನೋಡಿದ್ರೆ ಕಬ್ಬಿಣದ ಪಾತ್ರೇಲಿ ಬೇಯಿಸಿ ಉಂಡ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾಗಿತ್ತು. ನಮ್ಮಲ್ಲಿ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಇಂಥ ದೇಶದಲ್ಲಿ ಅಡುಗೆಮನೆಯಿಂದ ಕಬ್ಬಿಣ ಎತ್ತಿ ಅಟ್ಟಕ್ಕೆ ಹಾಕಿದ್ದು ಒಳ್ಳೇ ಕೆಲಸವೇನಲ್ಲ.

— ಅಟ್ಟಕ್ಕೆ ಹಾಕಿದ್ದು ಗಂಡಸರಲ್ಲ ಕಣೆ. ನಿಮ್ಮತ್ತೆಗೆ ನಾನ್‌ಸ್ಟಿಕ್ ಬಂದ ದಿನ ನೋಡಬೇಕಿತ್ತು.

— ಎತ್ತೋ ಕೈ ಅವರದ್ದಲ್ವಾ ಮಾವ! ನಾಲ್ಕು ಕಿಲೋ ಬಾಣಲೆಯನ್ನ ದಿನಾ ಮೂರು ಹೊತ್ತು ಇಳಿಸಿ, ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಇಡೋದು ನೀವಾಗಿದ್ರೆ ಇನ್ನೂ ಬೇಗ ಅಟ್ಟ ಸೇರ್ತಿತ್ತು. ಅವರ ಸಿಟ್ಟು ಕಬ್ಬಿಣದ ಮೇಲಲ್ಲ, ಭಾರದ ಮೇಲೆ. ನಾನು ಚಿಕ್ಕದು ತಗೊಂಡಿದ್ದಕ್ಕೆ ಅದೂ ಒಂದು ಕಾರಣ. ಒಂದೇ ಕೈಯಲ್ಲಿ ಕಿವಿ ಹಿಡಿದು ಬಗ್ಗಿಸಬಹುದು. ಮಸಿಬಟ್ಟೆ ಮಾತ್ರ ದಪ್ಪಗಿರಬೇಕು. ಇಕ್ಕಳ ನಂಬಬಾರದು, ಈ ಭಾರಕ್ಕೆ ಜಾರುತ್ತೆ. ನಾನ್‌ಸ್ಟಿಕ್ ನನ್ನ ಹತ್ರಾನೂ ಇದೆ, ಮೊಟ್ಟೆಗೆ ಅದೇ ವಾಸಿ. ಆದ್ರೆ ಬರೀ ಪಾತ್ರೇನ ಹೀಗೆ ಐದು ನಿಮಿಷ ಕಾಯಿಸೋಕೆ ಅದರಲ್ಲಿ ಆಗಲ್ಲ. 260 ಡಿಗ್ರಿ ದಾಟಿದ್ರೆ ಆ ಲೇಪ ಕೆಡೋಕೆ ಶುರುವಾಗುತ್ತೆ, ದಾಟಿದ್ದು ಕಣ್ಣಿಗೆ ಕಾಣಲ್ಲ.

— ಕಬ್ಬಿಣಾಂಶ ಹೆಚ್ಚಾಗಿ ತೊಂದರೆ ಆಗೋರೂ ಇರ್ತಾರೆ, ಥಲಸ್ಸೀಮಿಯಾ ಇರೋ ಮಕ್ಕಳ ಮನೆಯವರು ಡಾಕ್ಟರನ್ನ ಕೇಳದೇ ಇದನ್ನ ತರಬಾರದು. ಅದು ಹೋಗ್ಲಿ. ನಾಳೆ ಬಾಳಕ ಕರಿ ಮಾರಾಯ್ತಿ, ನಿಮ್ಮತ್ತೆ ಊರಿಂದ ಒಂದು ಡಬ್ಬಿ ತಂದಿದಾಳೆ. ಅದಕ್ಕಾದ್ರೂ ದೊಡ್ಡ ಬಾಣಲೆ ಇಳಿಸ್ತೀಯ ತಾನೆ?

— ಇಳಿಸಲ್ಲ. ಕರಿಯೋಕೇ ಇದು ಎಲ್ಲಕ್ಕಿಂತ ಚೆನ್ನ. ಎಣ್ಣೆ ಎಷ್ಟು ಹಿಡಿಯುತ್ತೆ ನೋಡಿ, ಪೆನ್ನು ನಿಮ್ಮ ಹತ್ರಾನೇ ಇದೆ. ನಡುವೆ 4 ಸೆಂಟಿಮೀಟರ್ ಆಳ ಬರೋ ಹಾಗೆ ಎಣ್ಣೆ ಹಾಕ್ತೀನಿ, ಮೇಲ್ಗಡೆ ಎಣ್ಣೆ 18 ಸೆಂಟಿಮೀಟರ್ ಅಗಲ ಹರಡುತ್ತೆ. ಅಷ್ಟೇ ಅಗಲ, ಅಷ್ಟೇ ಆಳ ಚಪ್ಪಟೆ ತಳದ ಪಾತ್ರೇಲಿ ಬೇಕು ಅಂದ್ರೆ?

— ಚಪ್ಪಟೇದಕ್ಕೆ... ಒಂದು ಲೀಟರ್. ಉರುಟು ತಳಕ್ಕೆ ಅರ್ಧ ಲೀಟರಿಗಿಂತ ಒಂದು ಚೂರು ಹೆಚ್ಚು. ಅರ್ಧಕ್ಕರ್ಧ ಉಳೀತು.

— ಉಳಿದ ಎಣ್ಣೇನ ಮತ್ತೆ ಮತ್ತೆ ಕಾಯಿಸೋ ಗೋಜೂ ಇಲ್ಲ. ಬಾಳಕ ಒಂದು ಸಲಕ್ಕೆ ಆರೇಳು ಹಾಕಿದ್ರೆ ಎಣ್ಣೆ ತಣಿಯಲ್ಲ, ಗರಿಯಾಗಿ ಮೇಲೆ ಬರ್ತವೆ. ಸಂಡಿಗೆಗೆ ಇನ್ನೂ ಚೆನ್ನ. ಉರಿ ಸಣ್ಣ ಮಾಡಿದ್ರೂ ಎಣ್ಣೆಯ ಶಾಖ ಅಲ್ಲಾಡಲ್ಲ. ಇದರಲ್ಲಿ ನಂಗೆ ಒಗ್ಗದೇ ಇರೋದು ಒಂದೇ, ತಳ ಉರುಟಾಗಿರೋದು. ಗ್ಯಾಸಿನ ಕಾಲುಗಳ ಮೇಲೆ ಅಲ್ಲಾಡುತ್ತೆ. ಅದಕ್ಕೇ ಬಳೆ ಇಟ್ಟಿದೀನಿ, ಕೆಳಗೆ ಕಾಣ್ತಿದೆಯಲ್ಲ. ಇಂಡಕ್ಷನ್ ಒಲೆಯವರಂತೂ ತಳ ಚಪ್ಪಟೆ ಇರೋದನ್ನೇ ನೋಡಿ ತಗೋಬೇಕು. ಕಬ್ಬಿಣ ಆದ್ದರಿಂದ ಇಂಡಕ್ಷನ್ ಮೇಲೆ ಕಾಯೋದೇನೋ ಕಾಯುತ್ತೆ, ಆದ್ರೆ ಒಲೆಗೆ ಮುಟ್ಟಬೇಕಲ್ಲ.

— ತಗೊಳ್ಳುವಾಗ ನಾನಾದ್ರೆ ಅಂಚು ನೋಡ್ತೀನಿ. ಸುತ್ತ ಒಂದೇ ದಪ್ಪ ಇದೆಯಾ ಅಂತ. ಒಳಗೆ ಸೂಜಿ ಮೊನೆಯಷ್ಟು ತೂತುಗಳಿದ್ರೆ ಬೇಡ, ಎರಕದಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ. ಗೆಣ್ಣಲ್ಲಿ ಹೊಡೆದು ಕೇಳು, ಒಡಕು ದನಿ ಬಂದ್ರೆ ಎಲ್ಲೋ ಬಿರುಕಿದೆ. ಮೈ ಒರಟಾಗಿದ್ರೆ ಬಿಡು, ದಿನಾ ಸಟ್ಟುಗ ಆಡ್ತಾ ಆಡ್ತಾ ನುಣುಪಾಗುತ್ತೆ. ಬೆಂಡೆಕಾಯಿ ಆಯ್ತಾ? ಉಪ್ಪು?

— ಈಗ ಉಪ್ಪು, ಕಾಯಿತುರಿ... ಇಳಿಸಿದೆ. ಬಟ್ಟಲಿಗೆ ಸುರೀತೀನಿ, ಇದರಲ್ಲೇ ಬಿಟ್ರೆ ತುರಿ ಕೆಂಪಾಗುತ್ತೆ. ರುಚಿ ನೋಡಿ.

— ಹ್ಞೂಂ. ಗರಿಗರಿಯಾಗಿದೆ. ನಿಮ್ಮತ್ತೆ ಎದ್ದಳು ಅಂತ ಕಾಣುತ್ತೆ, ಬಾಗಿಲ ಸದ್ದಾಯ್ತು. ಇನ್ನೊಂದು ಪಾಲೂ ಸುರಿದುಬಿಡು ಬೇಗ, ಬಾಣಲೆ ಬಿಸಿಯಾಗೇ ಇದೆಯಲ್ಲ.

— ಕಾಲು ಕಿಲೋ ಕಾಯಿ ಅಷ್ಟೂ ಶಾಖ ಕುಡಿದುಹಾಕಿದೆ, ನೀವೇ ಲೆಕ್ಕ ಹಾಕಿದ್ರಿ. ಎರಡು ನಿಮಿಷ ಬರೀ ಬಾಣಲೆ ಕಾಯ್ಲಿ. ನೀವು ಅಷ್ಟರಲ್ಲಿ ತಟ್ಟೆ ಹಾಕಿ, ನೀರು ತುಂಬಿಸಿ.

— ಈ ಬಟ್ಟಲಿನದ್ದು ನಾನೊಬ್ಬನೇ ಮುಗಿಸಿದ್ರೆ?

— ಮುಗಿಸಿ. ಅತ್ತೆ ಕೇಳಿದ್ರೆ ಯಾರು ತಿಂದಿದ್ದು ಅಂತ ನಾನೇ ಹೇಳ್ತೀನಿ.